ಬಣ್ಣಕ್ಕಿಂತ ಮೊದಲು ಅಳತೆ: ಹಳೆಯ ಲೇತ್ ಒಂದನ್ನು ಮತ್ತೆ ಕೆಲಸಕ್ಕೆ ಹಚ್ಚುವ ಬಗೆ

ಕಾಸರಗೋಡಿನ ಬದಿಯಡ್ಕದ ಸಮೀಪ ನಮ್ಮ ಮನೆಯ ಅಡಿಕೆ ಕೊಟ್ಟಿಗೆಯ ಒಂದು ಮೂಲೆಯಲ್ಲಿ, ಕಬ್ಬಿಣದ ಸರಳನ್ನು ತಿರುಗಿಸುತ್ತ ಕೊಯ್ದು ಅಳತೆಗೆ ತರುವ ಯಂತ್ರವಾದ ನಾಲ್ಕೂವರೆ ಅಡಿಯ ಲೇತ್ ಒಂದು ನಿಂತಿದೆ. ಉಪ್ಪಳದ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ಟಿನ ಶಾಫ್ಟುಗಳನ್ನೂ ದೋಣಿಯ ಪ್ರೊಪೆಲ್ಲರ್ ಶಾಫ್ಟುಗಳನ್ನೂ ತಿರುವಿ ತಿರುವಿ ಸವೆದು, ಬಳಿಕ ಒಬ್ಬ ಕೃಷಿಕರ ಶೆಡ್ಡಿನಲ್ಲಿ ಹಲವು ಮಳೆಗಾಲಗಳನ್ನು ಸುಮ್ಮನೆ ಕಳೆದು, ಕೊನೆಗೆ ಹೆಚ್ಚುಕಡಿಮೆ ಗುಜರಿಯ ತೂಕದ ಲೆಕ್ಕದಲ್ಲಿ ಅದು ನನ್ನ ಕೈಗೆ ಬಂತು. ವೃತ್ತಿಯಿಂದ ನಾನು ಟರ್ನರ್ ಅಲ್ಲ. ಐಟಿಐ ಮೆಟ್ಟಿಲು ಹತ್ತಿದವನೂ ಅಲ್ಲ. ಯಂತ್ರ ಅಂಗಳಕ್ಕೆ ಬಂದಿಳಿದ ದಿನವೇ ನೋಡಲು ಬಂದವರೆಲ್ಲರೂ ಒಂದೇ ಸಲಹೆ ಕೊಟ್ಟರು: ಪೂರ್ತಿ ಬಿಚ್ಚಿ, ತುಕ್ಕು ಉಜ್ಜಿ, ಹಸಿರು ಬಣ್ಣ ಬಳಿದುಬಿಡಿ, ಹೊಸತಾಗುತ್ತದೆ. ಆ ಮಾತನ್ನು ಕೇಳದೆ ಮೊದಲ ತಿಂಗಳು ಸ್ಪಾನರ್ ಮುಟ್ಟದೆ ಬರೀ ಅಳತೆ ತೆಗೆಯುತ್ತ ಕೂತದ್ದು ಈ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರವೆಂದು ಈಗ ಅನಿಸುತ್ತದೆ. ಹಳೆಯ ಲೇತಿನ ಬೆಲೆ ಅದರ ಬಣ್ಣದಲ್ಲಿ ಇಲ್ಲ, ಅದರ ರೇಖೆಗಳಲ್ಲಿದೆ. ಆ ರೇಖೆಗಳು ಎಲ್ಲಿ ಕೆಟ್ಟಿವೆ ಎಂದು ತಿಳಿಯದೆ ಬಿಚ್ಚಿದ ಯಂತ್ರವನ್ನು ಮತ್ತೆ ಜೋಡಿಸಿದಾಗ ಅದು ಮೊದಲಿಗಿಂತ ಹೆಚ್ಚು ಕೆಟ್ಟಿರುವ ಸಂಭವವೇ ಜಾಸ್ತಿ.

ಲೇತ್ ಎಂದರೆ ಮೂಲದಲ್ಲಿ ಮೂರು ರೇಖೆಗಳ ನಡುವಿನ ಒಪ್ಪಂದ. ಸರಳನ್ನು ತಿರುಗಿಸುವ ಸ್ಪಿಂಡಲ್ ಎಂಬ ದಂಡ ಯಾವ ಅಕ್ಷದ ಸುತ್ತ ತಿರುಗುತ್ತದೆಯೋ ಅದು ಮೊದಲನೆಯದು. ಕೊಯ್ಯುವ ಟೂಲನ್ನು ಹೊತ್ತ ಸ್ಯಾಡಲ್ ಯಾವ ಹಳಿಯ ಮೇಲೆ ಎಡದಿಂದ ಬಲಕ್ಕೆ ಜಾರುತ್ತದೆಯೋ ಆ ಬೆಡ್ಡಿನ ದಾರಿ ಎರಡನೆಯದು. ಸ್ಯಾಡಲಿನ ಮೇಲೆ ಕೂತ ಕ್ರಾಸ್ ಸ್ಲೈಡ್ ಮುಂದಕ್ಕೂ ಹಿಂದಕ್ಕೂ ಹೋಗುವ ದಾರಿ ಮೂರನೆಯದು. ಮೊದಲೆರಡು ರೇಖೆಗಳು ಸಮಾಂತರವಾಗಿದ್ದರೆ ತಿರುವಿದ ಸರಳು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪವಾಗಿ ಬರುತ್ತದೆ. ಇಲ್ಲದಿದ್ದರೆ ಒನಕೆಯ ಹಾಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಮೂರನೆಯ ರೇಖೆ ಮೊದಲನೆಯದಕ್ಕೆ ಲಂಬವಾಗಿದ್ದರೆ ಸರಳಿನ ತುದಿಯ ಮುಖ ಚಪ್ಪಟೆಯಾಗಿ ಬರುತ್ತದೆ. ಇಲ್ಲದಿದ್ದರೆ ತಟ್ಟೆಯ ಹಾಗೆ ಒಳಕ್ಕೆ ತಗ್ಗಾಗಿಯೋ ಗುಡ್ಡೆಯ ಹಾಗೆ ಹೊರಕ್ಕೆ ಉಬ್ಬಿಯೋ ಬರುತ್ತದೆ. ಗಿಯರು, ಮೋಟಾರು, ಬೆಲ್ಟು, ಹಿಡಿಗಳೆಲ್ಲ ಈ ಮೂರು ರೇಖೆಗಳಿಗೆ ಚಲನೆ ಕೊಡುವ ಪರಿಕರಗಳು ಮಾತ್ರ. ಅವು ಕೆಟ್ಟರೆ ಬದಲಿಸಬಹುದು, ಬೇರೆ ಮಾಡಿಸಬಹುದು. ರೇಖೆ ಕೆಟ್ಟರೆ ಅದನ್ನು ಸರಿಪಡಿಸುವುದು ಹೊಸಬನ ಕೈಗೆ ಮೀರಿದ ಕೆಲಸ.

ಹಾಗಾದರೆ ಹಳೆಯ ಲೇತಿನಲ್ಲಿ ರೇಖೆ ಕೆಡುವುದು ಎಲ್ಲಿ? ಎಲ್ಲೆಡೆ ಸಮವಾಗಿ ಅಲ್ಲ. ಚಿಕ್ಕಪುಟ್ಟ ಕೆಲಸಗಳೆಲ್ಲ ಸರಳನ್ನು ಕಚ್ಚಿ ಹಿಡಿಯುವ ಚಕ್ಕಿನ ಬುಡದಲ್ಲೇ ನಡೆಯುವುದರಿಂದ, ಸ್ಯಾಡಲ್ ತನ್ನ ಆಯುಷ್ಯದ ಬಹುಪಾಲನ್ನು ಎಡತುದಿಯಲ್ಲಿ ಸ್ಪಿಂಡಲ್ಲನ್ನು ಹೊತ್ತ ಪೆಟ್ಟಿಗೆಗೆ, ಅಂದರೆ ಹೆಡ್‌ಸ್ಟಾಕಿಗೆ ತಾಗಿದ ಒಂದೂವರೆ ಗೇಣಿನ ಜಾಗದಲ್ಲೇ ಹಿಂದೆ ಮುಂದೆ ಓಡಾಡಿ ಕಳೆದಿರುತ್ತದೆ. ಕಬ್ಬಿಣದ ಹೊಟ್ಟು, ತುಕ್ಕಿನ ಪುಡಿ, ಒಣಗಿದ ಎಣ್ಣೆ ಇವೆಲ್ಲ ಸೇರಿ ಅರೆಯುವುದೂ ಅಲ್ಲಿಯೇ. ಸರಳಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೈಲ್‌ಸ್ಟಾಕಿನ ಕಡೆಯ ಬೆಡ್ಡು ಬಹುಮಟ್ಟಿಗೆ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದಿರುತ್ತದೆ. ತಿರುಪಿನ ಎಳೆ ಕೊಯ್ಯುವಾಗ ಸ್ಯಾಡಲನ್ನು ಸಾಗಿಸುವ ಉದ್ದ ತಿರುಪಾದ ಲೀಡ್ ಸ್ಕ್ರೂ ಸಹ ಇದೇ ಕಾರಣಕ್ಕೆ ಎಡತುದಿಯಲ್ಲಿ ಸವೆದು ಬಲತುದಿಯಲ್ಲಿ ಹೊಸದರಂತೆ ಇರುತ್ತದೆ. ಸವೆದ ಜಾಗದ ಪಕ್ಕದಲ್ಲೇ ಸವೆಯದ ಜಾಗ ಇರುವುದು ನಮ್ಮ ಅದೃಷ್ಟ, ಏಕೆಂದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡಬಹುದು.

ಇಲ್ಲಿ ಹೊಸಬರು ಸಾಮಾನ್ಯವಾಗಿ ಗಮನಿಸದ, ಆದರೆ ಸ್ವಲ್ಪ ನಿಂತು ಲೆಕ್ಕ ಹಾಕಲೇಬೇಕಾದ ಒಂದು ಸಂಗತಿ ಇದೆ. ಬೆಡ್ಡಿನ ಎಲ್ಲ ಸವೆತವೂ ಒಂದೇ ರೀತಿಯ ಹಾನಿ ಮಾಡುವುದಿಲ್ಲ. ಬೆಡ್ಡು ಚಕ್ಕಿನ ಬಳಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಅಂದರೆ 0.1 ಮಿಲಿಮೀಟರ್ ತಗ್ಗಿದೆ ಎಂದುಕೊಳ್ಳೋಣ. ಸ್ಯಾಡಲ್ ಓರೆಯಾಗದೆ ನೇರ ಕೆಳಕ್ಕೆ ಇಳಿದರೆ ಟೂಲಿನ ಮೊನೆಯೂ ಅಷ್ಟೇ ಕೆಳಕ್ಕೆ ಇಳಿಯುತ್ತದೆ. 20 ಮಿಲಿಮೀಟರ್ ವ್ಯಾಸದ ಸರಳಿನಲ್ಲಿ ಕೇಂದ್ರದಿಂದ ಮೊನೆಗೆ ಇರುವ ದೂರ ಆಗ 10ರ ಬದಲು 10.0005 ಮಿಲಿಮೀಟರ್ ಆಗುತ್ತದೆ. ವ್ಯಾಸದಲ್ಲಿ ವ್ಯತ್ಯಾಸ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು ಮಾತ್ರ. ನಮ್ಮಂಥವರ ಮೈಕ್ರೋಮೀಟರಿಗೆ ಅದು ಕಾಣುವುದೂ ಇಲ್ಲ. ಮೊನೆ ವೃತ್ತದ ಪಕ್ಕದಲ್ಲಿ ಕೆಳಕ್ಕೆ ಜಾರಿದರೂ ಕೇಂದ್ರದಿಂದ ದೂರ ಹೋಗುವುದು ಬಹಳ ಕಡಿಮೆ ಎಂಬುದೇ ಇದಕ್ಕೆ ಕಾರಣ. ಆದರೆ ಅದೇ 0.1 ಮಿಲಿಮೀಟರ್ ಅಡ್ಡಕ್ಕೆ, ಅಂದರೆ ಕೆಲಸಗಾರನ ಕಡೆಗೆ ಸರಿದರೆ ವ್ಯಾಸದಲ್ಲಿ ಅದರ ಎರಡರಷ್ಟು, 0.2 ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಬೇರಿಂಗ್ ಕೂರಿಸಬೇಕಾದ ಶಾಫ್ಟಿನಲ್ಲಿ ಅಷ್ಟು ವ್ಯತ್ಯಾಸವಾದರೆ ಆ ಶಾಫ್ಟು ಗುಜರಿಗೇ.

ನಿಜವಾದ ಲೇತಿನಲ್ಲಿ ಕೆಳಕ್ಕಿಳಿಯುವುದೂ ಅಡ್ಡಕ್ಕೆ ಸರಿಯುವುದೂ ಬೇರೆ ಬೇರೆಯಾಗಿ ನಡೆಯುವುದಿಲ್ಲ. ಹೆಚ್ಚಿನ ಬೆಡ್ಡುಗಳಲ್ಲಿ ಮುಂದಿನ ಹಳಿ ಮನೆಯ ಮಾಡಿನ ಹಾಗೆ ಎರಡು ಇಳಿಜಾರಿನದ್ದು, ಹಿಂದಿನದು ಚಪ್ಪಟೆ. ಭಾರವೂ ಒತ್ತಡವೂ ಹೆಚ್ಚಾಗಿ ಮುಂದಿನ ಹಳಿಯ ಮೇಲೆಯೇ ಬೀಳುವುದರಿಂದ ಅದು ಬೇಗ ಸವೆಯುತ್ತದೆ, ಆಗ ಇಡೀ ಸ್ಯಾಡಲ್ ಮುಂದಕ್ಕೆ ಬಾಗುತ್ತದೆ. ಎರಡು ಹಳಿಗಳ ನಡುವೆ 200 ಮಿಲಿಮೀಟರ್, ಬೆಡ್ಡಿನಿಂದ ಟೂಲಿನ ಮೊನೆಗೆ 165 ಮಿಲಿಮೀಟರ್ ಎತ್ತರ ಎಂದಿಟ್ಟುಕೊಂಡರೆ, ಮುಂದಿನ ಹಳಿ 0.1 ಮಿಲಿಮೀಟರ್ ತಗ್ಗಿದಾಗ ಮೊನೆ ಸುಮಾರು 0.08 ಮಿಲಿಮೀಟರ್ ಕೆಲಸಗಾರನ ಕಡೆಗೆ ವಾಲುತ್ತದೆ; ಅಲ್ಲಿ ತಿರುವಿದ ಸರಳು 0.16 ಮಿಲಿಮೀಟರಿನಷ್ಟು ದಪ್ಪವಾಗಿ ಉಳಿಯುತ್ತದೆ. ಆದ್ದರಿಂದ ಬೆಡ್ಡು ಎಷ್ಟು ಸವೆದಿದೆ ಎಂದು ಕೇಳುವುದಕ್ಕಿಂತ ಮುಂದಿನ ಹಳಿ ಹಿಂದಿನದಕ್ಕಿಂತ ಎಷ್ಟು ಹೆಚ್ಚು ಸವೆದಿದೆ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಕೊಳ್ಳುವ ಮುನ್ನ, ಮಾರುವವರ ಶೆಡ್ಡಿನಲ್ಲಿಯೇ, ಅರ್ಧ ಗಂಟೆಯಲ್ಲಿ ಇದನ್ನೆಲ್ಲ ಅಂದಾಜು ಮಾಡಬಹುದು. ಜೇಬಿನಲ್ಲಿ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್, ಅದರ ಅಯಸ್ಕಾಂತದ ಸ್ಟ್ಯಾಂಡ್, ಟಾರ್ಚ್ ಮತ್ತು ಒಂದು ಚಿಂದಿ ಬಟ್ಟೆ ಇದ್ದರೆ ಸಾಕು. ಬೆಡ್ಡನ್ನು ಒರೆಸಿ ಚಕ್ಕಿನ ಬಳಿ ಹಳಿಯ ಅಂಚಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಬೇಕು. ಸ್ಯಾಡಲ್ ಮುಟ್ಟದ ಅಂಚು ಸವೆಯದೆ ಉಳಿದು ಮೆಟ್ಟಿಲಿನ ಹಾಗೆ ಉಗುರಿಗೆ ಸಿಕ್ಕರೆ ಸವೆತ ಸಾಕಷ್ಟಿದೆ ಎಂದರ್ಥ. ಕೈಯಿಂದ ಸ್ಕ್ರೇಪ್ ಮಾಡಿದ ಬೆಡ್ಡುಗಳಲ್ಲಿ ಟೈಲ್‌ಸ್ಟಾಕಿನ ಕಡೆ ಮೀನಿನ ಹುರುಪೆಯಂಥ ಸಣ್ಣ ಗುರುತುಗಳು ಇನ್ನೂ ಕಾಣುತ್ತವೆ, ಚಕ್ಕಿನ ಕಡೆ ಅವು ಮಾಸಿರುತ್ತವೆ. ಎಲ್ಲಿಂದ ಮಾಸಿದೆ ಎಂಬುದೇ ಯಂತ್ರದ ಚರಿತ್ರೆ. ಬಳಿಕ ಸ್ಯಾಡಲನ್ನು ಚಕ್ಕಿನ ಬಳಿ ತಂದು, ಬೆಡ್ಡಿನ ಅಡಿಯ ಹಿಡಿತದ ಪಟ್ಟಿಯನ್ನು ಸ್ವಲ್ಪ ಬಿಗಿಯಾಗುವಷ್ಟು ಹೊಂದಿಸಿ, ಹಿಡಿ ತಿರುಗಿಸುತ್ತ ಟೈಲ್‌ಸ್ಟಾಕಿನ ಕಡೆಗೆ ಒಯ್ಯಬೇಕು. ಅರ್ಧ ದಾರಿಯಲ್ಲಿ ಅದು ಗಟ್ಟಿಯಾಗಿ ನಿಂತೇಬಿಟ್ಟರೆ ಎರಡು ತುದಿಗಳ ವ್ಯತ್ಯಾಸ ನಿಮ್ಮ ಅಂಗೈಗೆ ತಿಳಿದಂತೆ.

ಸ್ಪಿಂಡಲ್ಲಿಗೆ ಬೇರೆ ಪರೀಕ್ಷೆ. ಡಯಲ್ ಗೇಜಿನ ಮೊನೆಯನ್ನು ಸ್ಪಿಂಡಲ್ಲಿನ ಮೂತಿಯ ಮೇಲೆ ಇಟ್ಟು, ಚಕ್ಕಿನಲ್ಲಿ ಒಂದು ದಪ್ಪ ಸರಳು ಹಿಡಿಸಿ, ಅದನ್ನು ಕೈಯಿಂದ ಮೇಲಕ್ಕೆತ್ತಿ ಬಿಡಬೇಕು. ಸ್ಪಿಂಡಲ್ ಕಂಚಿನ ಬುಷ್ ಎಂಬ ಕೊಳವೆಯೊಳಗೆ ತಿರುಗುವ ಹಳೆಯ ಲೇತುಗಳಲ್ಲಿ ಎಣ್ಣೆಯ ಪದರಕ್ಕೆ ಒಂದಿಷ್ಟು ಜಾಗ ಬೇಕೇ ಬೇಕು. ಮುಳ್ಳು ಎರಡು ಮೂರು ನೂರನೇ ಮಿಲಿಮೀಟರ್ ಅಲುಗಿದರೆ ಚಿಂತೆಯಿಲ್ಲ, ಹತ್ತು ನೂರನೇ ಅಲುಗಿದರೆ ಬುಷ್ ಕೆಲಸ ಕಾದಿದೆ. ಚಕ್ ಬಿಚ್ಚಲು ಬಿಟ್ಟರೆ ಸ್ಪಿಂಡಲ್ಲಿನ ಒಳಗಿನ ಟೇಪರಿಗೆ ಮೊನೆ ತಾಗಿಸಿ ನಿಧಾನಕ್ಕೆ ತಿರುಗಿಸಿ ನೋಡಬೇಕು. ಚಕ್ಕಿನ ಮೇಲೆಯೇ ಅಳೆದು ಸ್ಪಿಂಡಲ್ ಅಡ್ಡ ತಿರುಗುತ್ತದೆ ಎಂದು ತೀರ್ಮಾನಿಸುವುದು ತಪ್ಪು. ಹಳೆಯ ಮೂರು ದವಡೆಯ ಚಕ್ಕುಗಳು ತಾವೇ ಅಡ್ಡವಾಗಿರುತ್ತವೆ, ಅದು ಸ್ಪಿಂಡಲ್ಲಿನ ತಪ್ಪಲ್ಲ.

ಯಂತ್ರಕ್ಕಿಂತ ಯಂತ್ರದ ಜೊತೆ ಬರುವ ಸಾಮಾನುಗಳಿಗೆ ಹೆಚ್ಚು ಬೆಲೆ ಕೊಡಬೇಕೆಂದು ನಾನು ತಡವಾಗಿ ಕಲಿತೆ. ನಾಲ್ಕು ದವಡೆಯ ಚಕ್, ಫೇಸ್‌ಪ್ಲೇಟ್, ಸ್ಟೆಡಿ, ಬದಲಿಸುವ ಗಿಯರುಗಳ ಪೂರ್ತಿ ಸೆಟ್ ಇವು ಕಾಣೆಯಾಗಿದ್ದರೆ ಒಂದೊಂದನ್ನೇ ಹುಡುಕಿ ಕೂಡಿಸುವಾಗ ಲೇತಿನ ಬೆಲೆಯನ್ನೇ ದಾಟಬಹುದು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮತ್ತು ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಲೇತುಗಳು ಸಿಕ್ಕರೆ ಕಣ್ಣು ಮುಚ್ಚಿಯಲ್ಲದಿದ್ದರೂ ಅರ್ಧ ಕಣ್ಣಿನಲ್ಲಿ ತೆಗೆದುಕೊಳ್ಳಬಹುದು ಎನ್ನುವವರು ಇದ್ದಾರೆ. ಅವುಗಳ ಎರಕದ ಕಬ್ಬಿಣ, ಅಂದರೆ ಬೀಡು, ಒಳ್ಳೆಯದು ನಿಜ, ಆದರೆ ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ, ಯಂತ್ರ ಗಾತ್ರದಲ್ಲಿಯೂ ತೂಕದಲ್ಲಿಯೂ ಮನೆಯ ಕೊಟ್ಟಿಗೆಗೆ ಮೀರಿದ್ದು. ಪಂಜಾಬಿನ ಬಟಾಲ, ಗುಜರಾತಿನ ರಾಜಕೋಟ್ ಕಡೆಯಿಂದ ಬಂದ ಹಗುರ ಲೇತುಗಳೇ ನಮ್ಮಂಥವರಿಗೆ ಹೆಚ್ಚಾಗಿ ಸಿಗುವುದು. ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಗುಣದಲ್ಲಿ ಅಜಗಜಾಂತರ ಇರುವುದರಿಂದ ಹೆಸರಿಗಿಂತ ಡಯಲ್ ಗೇಜಿನ ಮಾತನ್ನೇ ನಂಬಬೇಕು.

ಸಾಗಿಸುವ ವಿಷಯದಲ್ಲಿ ಒಂದೇ ಮಾತು: ಲೇತಿನ ಭಾರವೆಲ್ಲ ಹೆಡ್‌ಸ್ಟಾಕಿನ ಕಡೆ ಮತ್ತು ಮೇಲ್ಭಾಗದಲ್ಲಿರುತ್ತದೆ. ಸ್ಯಾಡಲನ್ನೂ ಟೈಲ್‌ಸ್ಟಾಕನ್ನೂ ಬಲತುದಿಗೆ ಸರಿಸಿ ಬಿಗಿದು, ಹಗ್ಗವನ್ನು ಬೆಡ್ಡಿನ ಅಡಿಯಿಂದಲೇ ಹಾಕಿ, ಚೈನ್ ಪುಲ್ಲಿಯಲ್ಲಿ ಎತ್ತಬೇಕು. ಲೀಡ್ ಸ್ಕ್ರೂವಿಗೆ ಹಗ್ಗ ತಾಗಿದರೆ ಅದು ಬಾಗಿತೆಂದೇ ತಿಳಿಯಿರಿ.

ಬಿಚ್ಚುವ ಕೆಲಸಕ್ಕೆ ಬಂದರೆ, ಪ್ರತಿ ಬೋಲ್ಟಿಗೆ ಮೊದಲು ಒಂದು ಫೋಟೋ ಎಂಬ ನಿಯಮವನ್ನು ಯಾರೂ ಹೇಳದೆ ಬಿಡುವುದಿಲ್ಲ, ಆದರೆ ಫೋಟೋದಲ್ಲಿ ಕಾಣದ್ದು ಬಹಳ ಇದೆ. ಹೆಡ್‌ಸ್ಟಾಕಿನ ಅಥವಾ ಬುಷ್ ಕ್ಯಾಪಿನ ಅಡಿಯಲ್ಲಿ ಕಾಗದದಷ್ಟು ತೆಳುವಾದ ಶಿಮ್ ಪಟ್ಟಿಗಳಿರುತ್ತವೆ. ಎಡಬದಿಯದು ಬಲಕ್ಕೆ ಹೋದರೆ ಇಡೀ ಹೊಂದಾಣಿಕೆಯೇ ಹಾಳಾಗುತ್ತದೆ. ಅವುಗಳನ್ನು ಒಂದೊಂದು ಲಕೋಟೆಯಲ್ಲಿ ಹಾಕಿ, ಎಡ ಬಲ ಮುಂದೆ ಹಿಂದೆ ಎಂದು ಬರೆದಿಡಬೇಕು. ಹೆಡ್‌ಸ್ಟಾಕನ್ನು ಬೆಡ್ಡಿನಿಂದ ಬೇರ್ಪಡಿಸುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ, ಬರದಿದ್ದರೆ ಮುಟ್ಟಬಾರದು. ಮೊದಲ ರೇಖೆಯನ್ನು ಎರಡನೆಯದಕ್ಕೆ ಸಮಾಂತರವಾಗಿ ಕಟ್ಟಿಹಾಕಿರುವುದು ಆ ನಾಲ್ಕು ಬೋಲ್ಟುಗಳೇ.

ಟೇಪರ್ ಪಿನ್ನುಗಳ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಫೀಡ್ ರಾಡಿನ ಮೇಲೆ ಒಂದು ಕಾಲರನ್ನು ಹಿಡಿದಿದ್ದ ಪಿನ್ನನ್ನು ಹೊರಗೆ ತಟ್ಟಲು ಸುತ್ತಿಗೆ ಎತ್ತಿದೆ. ಹತ್ತು ಪೆಟ್ಟು ಕೊಟ್ಟರೂ ಅಲುಗಲಿಲ್ಲ, ಇನ್ನೂ ಜೋರಾಗಿ ಕೊಟ್ಟೆ, ಕೊನೆಗೆ ಅದರ ತಲೆ ಅಣಬೆಯ ಹಾಗೆ ಹರಡಿತು. ಮರುದಿನ ಬೆಳಕಿನಲ್ಲಿ ಎಮರಿ ಕಾಗದದಿಂದ ಎರಡೂ ಬದಿಯನ್ನು ಉಜ್ಜಿ ವರ್ನಿಯರ್ ಇಟ್ಟು ನೋಡಿದಾಗ ಒಂದು ಬದಿ 5.9 ಮಿಲಿಮೀಟರ್, ಇನ್ನೊಂದು ಬದಿ 5.3. ನಾನು ದಪ್ಪ ತುದಿಗೆ ಹೊಡೆದು ಪಿನ್ನನ್ನು ಇನ್ನಷ್ಟು ಒಳಕ್ಕೆ ಬಿಗಿಸುತ್ತಿದ್ದೆ. ಮೆಟ್ರಿಕ್ ಟೇಪರ್ ಪಿನ್ನು 50 ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಸಪೂರವಾಗುತ್ತದೆ, ಇಂಚಿನದ್ದು ಒಂದು ಅಡಿಗೆ ಕಾಲು ಇಂಚು. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಆದರೆ ಸಪೂರ ತುದಿಯಿಂದ ಒಂದು ತಟ್ಟು ಕೊಟ್ಟರೆ ಸಾಕು, ಟಪ್ಪೆಂದು ಬಿಟ್ಟುಕೊಡುತ್ತದೆ. ಆ ಪಿನ್ನನ್ನು ಕೊನೆಗೆ ಡ್ರಿಲ್ ಹಾಕಿ ತೆಗೆಯಬೇಕಾಯಿತು.

ನಮ್ಮ ಊರಿನಲ್ಲಿ ತುಕ್ಕು ಒಂದು ಪ್ರತ್ಯೇಕ ಅಧ್ಯಾಯ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಕಡಲ ಉಪ್ಪಿನ ಗಾಳಿ ಇವು ಸಾಲದೆಂಬಂತೆ ಕೃಷಿಕರ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಶತ್ರುಗಳು ಬೇರೆಯೂ ಇರುತ್ತಾರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ತಂದ ಫಾರ್ಮಿಕ್ ಆ್ಯಸಿಡ್, ಕಕ್ಕಸು ತೊಳೆಯುವ ಆ್ಯಸಿಡ್ ಇವುಗಳ ಮುಚ್ಚಳ ಸಡಿಲವಾಗಿದ್ದರೂ ಸಾಕು, ಆವಿಯಿಂದಲೇ ಸುತ್ತಲಿನ ಕಬ್ಬಿಣ ಕೆಂಪಾಗುತ್ತದೆ. ನನ್ನ ಲೇತಿನ ಬೆಡ್ಡಿನ ಮೇಲೆ ಅಂಗೈಯಗಲದ ಒಂದು ಕಲೆಯಿತ್ತು. ಅದು ತುಕ್ಕಿನ ಬಣ್ಣದ್ದಲ್ಲ, ತಾಮ್ರದ ಚೊಂಬಿನ ಬಣ್ಣದ್ದು, ಒರೆಸಿದರೆ ಹೊಳೆಯುವಂಥದ್ದು. ಮಾರಿದವರ ಶೆಡ್ಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತು ಕರಗಿಸುತ್ತಿದ್ದುದನ್ನು ನೆನಪಿಸಿಕೊಂಡಾಗ ಅರ್ಥವಾಯಿತು: ಮೈಲುತುತ್ತಿನ ನೀರು ಬಿದ್ದಲ್ಲಿ ಕಬ್ಬಿಣ ಕರಗಿ ಹೋಗಿ ಅದರ ಜಾಗದಲ್ಲಿ ತಾಮ್ರ ಕೂತಿತ್ತು. ಅದನ್ನು ಕೆರೆದು ತೆಗೆದಾಗ ಅಡಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಅವು ಹಾಗೆಯೇ ಇವೆ. ಹಳಿಯ ಮೇಲಿನ ಗುಳಿ ತೊಂದರೆಯಲ್ಲ, ಎಣ್ಣೆ ಹಿಡಿದಿಡುತ್ತದೆ. ಹಳಿಯ ಮೇಲೆ ಎದ್ದು ನಿಂತ ಗಂಟು ಮಾತ್ರ ತೊಂದರೆ.

ತುಕ್ಕು ತೆಗೆಯುವಾಗ ಹಳಿ ಮತ್ತು ಜಾರುವ ಮುಖಗಳನ್ನು ಒಂದು ರೀತಿ, ಉಳಿದದ್ದನ್ನು ಇನ್ನೊಂದು ರೀತಿ ನೋಡಿಕೊಳ್ಳಬೇಕು. ಹಳಿಗಳ ಮೇಲೆ ಗ್ರೈಂಡರ್, ವಯರ್ ಬ್ರಷ್ಷಿನ ಚಕ್ರ, ಒರಟು ಎಮರಿ ಇವು ಯಾವುವೂ ಸುಳಿಯಬಾರದು. ಚಿಮಿಣಿ ಎಣ್ಣೆ ಅಥವಾ ಡೀಸೆಲ್ ಸುರಿದು, ಕ್ಷೌರದ ಬ್ಲೇಡನ್ನು ಮಲಗಿಸಿ ತುಕ್ಕನ್ನು ಕೆರೆದು, ಉಳಿದ ಕಲೆಯನ್ನು ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಹಗುರಾಗಿ ಒರೆಸಿದರೆ ಸಾಕು. ಎಮರಿಯ ಹರಳು ಬೀಡಿನ ಮೈಯಲ್ಲಿ ಹೂತುಕೊಂಡರೆ ಮುಂದೆ ಅದೇ ಸ್ಯಾಡಲನ್ನು ಅರೆಯುತ್ತದೆ. ಹಿಡಿ, ಬ್ರಾಕೆಟ್, ಕವರುಗಳಂಥ ಬಿಡಿ ಭಾಗಗಳಿಗೆ ಬ್ಯಾಟರಿ ಚಾರ್ಜರಿನ ಉಪಾಯ ಒಳ್ಳೆಯದು. ಪ್ಲಾಸ್ಟಿಕ್ ಬಕೆಟಿನಲ್ಲಿ ಹತ್ತು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಬಟ್ಟೆ ಒಗೆಯುವ ಸೋಡಾ ಕರಗಿಸಿ, 12 ವೋಲ್ಟಿನ ಚಾರ್ಜರಿನ ಮೈನಸ್ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಪ್ಲಸ್ ತಂತಿಯನ್ನು ಹಾಳು ಕಬ್ಬಿಣದ ಪಟ್ಟಿಗೂ ಕಟ್ಟಿ, ಎರಡೂ ತಾಗದಂತೆ ರಾತ್ರಿಯಿಡೀ ಮುಳುಗಿಸಿಟ್ಟರೆ ತುಕ್ಕು ಕಪ್ಪು ಮಸಿಯಾಗಿ ಬಿಟ್ಟುಕೊಡುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಎಂದೂ ಹಾಕಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್ ಆದ್ದರಿಂದ ಬಕೆಟ್ ಅಂಗಳದಲ್ಲಿರಬೇಕು, ಅಡುಗೆಮನೆಯ ಪಕ್ಕದಲ್ಲಲ್ಲ. ಅಲ್ಯೂಮಿನಿಯಂ ಭಾಗಗಳನ್ನೂ ಸ್ಪ್ರಿಂಗುಗಳನ್ನೂ ಇದರಲ್ಲಿ ಹಾಕುವಂತಿಲ್ಲ. ಹಿತ್ತಾಳೆಯ ಹೆಸರುಫಲಕಕ್ಕೆ ನಮ್ಮ ಮನೆಯಲ್ಲಿ ದೀಪ ಬೆಳಗಲು ಇಡುವ ಹುಣಸೆಹುಳಿಯೇ ಸಾಕಾಯಿತು. ಆದರೆ ಅದೇ ಹುಳಿಯ ಕೈಯನ್ನು ತೊಳೆಯದೆ ಬೆಡ್ಡು ಮುಟ್ಟಿ ಐದು ಬೆರಳಿನ ಗುರುತು ಮೂಡಿಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸದೆ ನೀರು ಹಾಕಿಯೇ ಉಜ್ಜಬೇಕು. ಹೊಸ ಬಣ್ಣ ಯಾವಾಗ ಹಚ್ಚಿದರೂ ಆದೀತು. ನಾನು ಇನ್ನೂ ಹಚ್ಚಿಲ್ಲ.

ಸ್ಪಿಂಡಲ್ಲಿನ ಕಂಚಿನ ಬುಷ್ ಸಡಿಲವಾಗಿದ್ದರೆ, ಬುಷ್ ಸೀಳಿರುವ ಬಗೆಯದಾದರೆ, ಕ್ಯಾಪಿನ ಅಡಿಯ ಶಿಮ್ ಪಟ್ಟಿಗಳಲ್ಲಿ ತೆಳುವಾದ ಒಂದನ್ನು ಎರಡೂ ಬದಿಯಿಂದ ತೆಗೆದು ಮತ್ತೆ ಬಿಗಿದರೆ ಹೆಚ್ಚಿನ ಸಂದರ್ಭದಲ್ಲಿ ಸರಿಹೋಗುತ್ತದೆ. ಬಿಗಿದ ಮೇಲೆ ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡಬೇಕು: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ. ಎಣ್ಣೆಯ ಬಟ್ಟಲಿಗೆ ಗ್ರೀಸ್ ತುಂಬುವ ಚಾಳಿ ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಬಹಳ ಇದೆ. ಎಣ್ಣೆಗಾಗಿ ಕೊರೆದ ಬುಷ್‌ನಲ್ಲಿ ಗ್ರೀಸ್ ಒಳಗೆ ಇಳಿಯದೆ ದಾರಿಗೆ ಅಡ್ಡ ಕೂರುತ್ತದೆ, ಬುಷ್ ಒಣಗಿ ಸವೆಯುತ್ತದೆ. ನನ್ನ ಲೇತಿನ ಎಣ್ಣೆಯ ತೂತಿನಿಂದ ಸೈಕಲಿನ ಕಡ್ಡಿ ಹಾಕಿ ತೆಗೆದ ಗ್ರೀಸು ಒಣಗಿದ ಹಲಸಿನ ಮಯಣದಂತೆ ಗಟ್ಟಿಯಾಗಿತ್ತು. ಸ್ಪಿಂಡಲ್ಲಿಗೆ ಮಂದತೆಯ ಸಂಖ್ಯೆ 32ರ ಅಥವಾ ಸ್ವಲ್ಪ ಮಂದದ ಹೈಡ್ರಾಲಿಕ್ ಎಣ್ಣೆ, ಹಳಿಗಳಿಗೆ 68ರ ಎಣ್ಣೆ ಹಾಕಿದರೆ ಹವ್ಯಾಸದ ಕೆಲಸಕ್ಕೆ ಸಾಕು. ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಹಚ್ಚುವವರಿದ್ದಾರೆ. ಹಳಸಿದ ಎಣ್ಣೆಯಲ್ಲಿ ಹುಳಿ ಹುಟ್ಟುತ್ತದೆ, ಅದು ಲೋಹಕ್ಕೆ ಒಳ್ಳೆಯದಲ್ಲ.

ಕ್ರಾಸ್ ಸ್ಲೈಡಿನ ಹಿಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವಾಗ ಸ್ಲೈಡ್ ಅಲುಗದೆ ಹಿಡಿ ಮಾತ್ರ ಸ್ವಲ್ಪ ಸುತ್ತುವುದನ್ನು ಬ್ಯಾಕ್‌ಲ್ಯಾಷ್ ಎನ್ನುತ್ತಾರೆ. ಹೊಸಬರು ಇದಕ್ಕೆ ವಿಪರೀತ ಹೆದರುತ್ತಾರೆ. ಹಿಡಿ ಕಾಲು ಸುತ್ತು ಖಾಲಿ ತಿರುಗಿದರೂ ಯಂತ್ರದ ನಿಖರತೆ ಅದರಿಂದ ಕೆಡುವುದಿಲ್ಲ. ಟೂಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ, ಅಂದರೆ ಹಿಂದಕ್ಕೆ ಎಳೆದು ಮತ್ತೆ ಮುಂದಕ್ಕೆ ತಂದು ಅಳತೆಗೆ ನಿಲ್ಲಿಸಿದರೆ ಆಯಿತು. ಸ್ಕ್ರೂ ಉಕ್ಕಿನದು, ನಟ್ ಕಂಚಿನದು. ಸವೆಯಲೆಂದೇ ಮೆದುವಾಗಿ ಮಾಡಿದ ನಟ್ಟನ್ನು ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಹೆದರಬೇಕಾದದ್ದು ಸ್ಲೈಡಿನ ಬಿಗಿ ಹೊಂದಿಸುವ ಗಿಬ್ ಪಟ್ಟಿ ಸಡಿಲವಾಗಿ ಸ್ಲೈಡ್ ಅಡ್ಡಕ್ಕೆ ಅಲುಗಾಡುವುದಕ್ಕೆ. ಗಿಬ್ ಸ್ಕ್ರೂಗಳನ್ನು ಒಂದೊಂದಾಗಿ, ಸ್ಲೈಡ್ ಇಡೀ ದಾರಿಯಲ್ಲಿ ಒಂದೇ ತೆರನಾದ ಬಿಗಿಯಲ್ಲಿ ಸಾಗುವವರೆಗೆ ಹೊಂದಿಸುತ್ತ ಹೋದರೆ, ಅರ್ಧಕ್ಕರ್ಧ ಹಳೆಯ ಲೇತುಗಳಲ್ಲಿ ಟೂಲು ನಡುಗುವ ದೂರು ಅಲ್ಲಿಗೇ ನಿಲ್ಲುತ್ತದೆ.

ಬೆಡ್ಡನ್ನು ಗ್ರೈಂಡ್ ಮಾಡಿಸಿದರೆ ಆಗದೇ ಎಂದು ಕೇಳುವವರಿಗೆ ಉತ್ತರ ಸ್ವಲ್ಪ ಉದ್ದ. ಬೆಡ್ಡಿನ ಮೇಲಿನಿಂದ ಅರ್ಧ ಮಿಲಿಮೀಟರ್ ತೆಗೆದರೆ ಸ್ಯಾಡಲ್ ಅಷ್ಟೇ ಕೆಳಕ್ಕೆ ಇಳಿಯುತ್ತದೆ. ಅದರ ಜೊತೆ ಅದರ ಮುಂಭಾಗಕ್ಕೆ ತೂಗುವ ಏಪ್ರನ್ ಎಂಬ ಪೆಟ್ಟಿಗೆ, ಅದರೊಳಗೆ ಲೀಡ್ ಸ್ಕ್ರೂವನ್ನು ಅಪ್ಪಿ ಹಿಡಿಯುವ ಹಾಫ್ ನಟ್, ಗಿಯರು ಎಲ್ಲವೂ ಇಳಿಯುತ್ತವೆ. ಆದರೆ ಲೀಡ್ ಸ್ಕ್ರೂ ಮತ್ತು ಹಲ್ಲಿನ ಪಟ್ಟಿ ತಮ್ಮ ಜಾಗದಲ್ಲೇ ಉಳಿಯುತ್ತವೆ. ಹಾಫ್ ನಟ್ ಈಗ ಸ್ಕ್ರೂವನ್ನು ಸರಿಯಾಗಿ ಅಪ್ಪುವುದಿಲ್ಲ, ಅಪ್ಪಿದರೆ ಬಾಗಿಸುತ್ತದೆ. ಇದನ್ನು ಸರಿಪಡಿಸಲು ಸ್ಯಾಡಲಿನ ಅಡಿಗೆ ವಿಶೇಷ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಎಲ್ಲಿ ತಾಗುತ್ತದೆಂದು ತೋರಿಸುವ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ, ತಾಗಿದ ಜಾಗವನ್ನಷ್ಟೇ ಕೆರೆಯುತ್ತ ದಿನಗಟ್ಟಲೆ ಹೊಂದಿಸಬೇಕು. ಮೊದಲ ಲೇತಿನಲ್ಲಿ ಇದಕ್ಕೆ ಕೈಹಾಕದೆ, ಸವೆತ ಎಲ್ಲಿ ಎಷ್ಟಿದೆ ಎಂಬ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುವುದೇ ಮೇಲೆಂದು ನನ್ನ ಅಭಿಪ್ರಾಯ. ನನ್ನ ಬೆಡ್ಡು ಚಕ್ಕಿನಿಂದ ಒಂದು ಗೇಣು ದೂರದಲ್ಲಿ ಅತ್ಯಂತ ತಗ್ಗಿದೆ. ನಿಖರವಾಗಬೇಕಾದ ಉದ್ದ ಶಾಫ್ಟಿದ್ದರೆ ಅಲ್ಲಿ ಬರುವಾಗ ಅಳೆದು ಕೈಯಿಂದಲೇ ಟೂಲನ್ನು ಒಂದಿಷ್ಟು ಒಳಕ್ಕೆ ಕೊಡುತ್ತೇನೆ.

ಹಳೆಯ ಲೇತುಗಳಲ್ಲಿ ಹಲವಕ್ಕೆ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು, ಇಂಚಿಗೆ ನಾಲ್ಕು ಎಳೆ. ಅಂದರೆ ಒಂದು ಸುತ್ತಿಗೆ 6.35 ಮಿಲಿಮೀಟರ್. ಮಿಲಿಮೀಟರಿನ ಎಳೆ ಕೊಯ್ಯಲು ಇದರಲ್ಲಿ ಆಗುವುದಿಲ್ಲವೆಂದು ಮಾರುವವರೇ ಹೇಳುವುದನ್ನು ಕೇಳಿದ್ದೇನೆ. ಒಂದು ಇಂಚು ಸರಿಯಾಗಿ 25.4 ಮಿಲಿಮೀಟರ್, ಅದನ್ನು ಐದರಿಂದ ಗುಣಿಸಿದರೆ 127. ಆದ್ದರಿಂದ 127 ಹಲ್ಲಿನ ಒಂದು ಗಿಯರ್ ಇದ್ದರೆ ಲೆಕ್ಕ ಎಳ್ಳಷ್ಟೂ ಉಳಿಕೆಯಿಲ್ಲದೆ ಸರಿಹೋಗುತ್ತದೆ: ಸ್ಪಿಂಡಲ್ ಕಡೆಗೆ 20 ಹಲ್ಲು, ಸ್ಕ್ರೂ ಕಡೆಗೆ 127 ಹಲ್ಲು ಹಾಕಿದರೆ ಸ್ಪಿಂಡಲ್ಲಿನ ಒಂದು ಸುತ್ತಿಗೆ ಟೂಲು ನಿಖರವಾಗಿ ಒಂದು ಮಿಲಿಮೀಟರ್ ಸಾಗುತ್ತದೆ. ಗಿಯರ್ ಸೆಟ್ಟಿನಲ್ಲಿ ಆ ದೊಡ್ಡ ಗಿಯರ್ ಇದೆಯೇ ಎಂದು ಹಲ್ಲು ಎಣಿಸಿಯೇ ನೋಡಿ. ನಾನು ಸೀಮೆಸುಣ್ಣದಿಂದ ಗುರುತು ಹಾಕುತ್ತ ಎರಡು ಸಲ ಎಣಿಸಿದೆ.

ವರ್ಕ್‌ಶಾಪಿನಿಂದ ಬಂದ ಯಂತ್ರದ ಮೋಟಾರು ಸಾಮಾನ್ಯವಾಗಿ 415 ವೋಲ್ಟಿನ ತ್ರೀ ಫೇಸ್. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಎರಡು ದಾರಿ: ಒಂದು ಎಚ್‌ಪಿಯ, 1440 ಸುತ್ತಿನ ಸಿಂಗಲ್ ಫೇಸ್ ಮೋಟಾರು ಹಾಕುವುದು ಅಥವಾ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಎಂಬ ಪೆಟ್ಟಿಗೆಯ ಮೂಲಕ ಹಳೆಯ ಮೋಟಾರನ್ನೇ ಓಡಿಸುವುದು. ಎರಡನೆಯದರಲ್ಲಿ ವೇಗವನ್ನು ಗುಂಡಿ ತಿರುಗಿಸಿ ಬದಲಿಸುವ ಸುಖವಿದೆ, ಆದರೆ 230 ವೋಲ್ಟಿನ ಪೆಟ್ಟಿಗೆ 230 ವೋಲ್ಟಿಗಿಂತ ಹೆಚ್ಚು ಕೊಡಲಾರದು. ಒಳಗಿನ ಸುರುಳಿಗಳ ಸ್ಟಾರ್ ಜೋಡಣೆಯಲ್ಲಿ 415 ವೋಲ್ಟಿಗೆ ಓಡುವ ಮೋಟಾರನ್ನು ಡೆಲ್ಟಾ ಜೋಡಣೆಗೆ ಬದಲಿಸಿದರೆ 240 ವೋಲ್ಟಿನ ಆಸುಪಾಸಿಗೆ ಹೊಂದುತ್ತದೆ. ಮೊದಲೇ ಡೆಲ್ಟಾದಲ್ಲಿ 415ಕ್ಕೆ ಸುತ್ತಿದ ಮೋಟಾರಿಗೆ ಇದು ಸಲ್ಲದು. ಈ ಜೋಡಣೆಯನ್ನೂ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಚಕ್ ಎಳೆಯ ಮೇಲೆ ತಿರುಚಿ ಕೂರುವ ಬಗೆಯ ಲೇತಾದರೆ ವೇಗದಲ್ಲಿರುವಾಗ ಏಕಾಏಕಿ ಹಿಮ್ಮುಖ ಓಡಿಸಬಾರದು. ಚಕ್ ಕಳಚಿಕೊಂಡು ಬೆಡ್ಡಿನ ಮೇಲೆ ಉರುಳುತ್ತದೆ. ಇನ್ನು, ನಮ್ಮ ಕಡೆಯ ಉಡುಪಿನ ಬಗ್ಗೆ ಹೇಳದೆ ಇರಲಾರೆ: ಲೇತಿನ ಮುಂದೆ ನಿಲ್ಲುವಾಗ ಹೆಗಲಿನ ಬೈರಾಸು ಕೊಟ್ಟಿಗೆಯ ಹೊರಗಿನ ಗೂಟದಲ್ಲಿರಬೇಕು, ಮುಂಡಿನ ಬದಲು ಚಡ್ಡಿಯೋ ಪ್ಯಾಂಟೋ ಇರಬೇಕು, ಕೈಗವಸು ಇರಲೇಬಾರದು.

ಎಲ್ಲ ಜೋಡಿಸಿದ ಮೇಲೆ ಬೆಡ್ಡನ್ನು ಮಟ್ಟಕ್ಕೆ ತರುವ ಕೆಲಸ ಉಳಿಯುತ್ತದೆ. ಬೀಡಿನ ಬೆಡ್ಡು ಕಲ್ಲಿನಂತೆ ಗಟ್ಟಿ ಎಂದು ತೋರಿದರೂ ನಾಲ್ಕು ಕಾಲುಗಳಲ್ಲಿ ಒಂದು ತುಸು ತಗ್ಗಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಮೇಸ್ತ್ರಿಯ ಮಟ್ಟಗೋಲು ಇದಕ್ಕೆ ಸಾಲದು, ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಲೆವೆಲ್ ಎರವಲು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಯಂತ್ರದಿಂದಲೇ ಕೇಳಿ ತಿಳಿಯಬಹುದು. ಒಂದೂವರೆ ಇಂಚು ದಪ್ಪದ ಸರಳನ್ನು ಚಕ್ಕಿನಲ್ಲಿ ಮಾತ್ರ ಹಿಡಿಸಿ, ಟೈಲ್‌ಸ್ಟಾಕಿನ ಆಸರೆ ಕೊಡದೆ, ನಡುವನ್ನು ತಗ್ಗಿಸಿ ಎರಡು ತುದಿಗಳಲ್ಲಿ ಒಂದೊಂದು ಬಳೆ ಉಳಿಸಿ, ಟೂಲಿನ ಅಳತೆ ಬದಲಿಸದೆ ಎರಡೂ ಬಳೆಗಳ ಮೇಲೆ ಅತಿ ತೆಳುವಾದ ಒಂದೇ ಓಟ ಓಡಿಸಬೇಕು. ಆಮೇಲೆ ಮೈಕ್ರೋಮೀಟರಿನಿಂದ ಎರಡನ್ನೂ ಅಳೆಯಬೇಕು. ಚಕ್ಕಿನಿಂದ ದೂರದ ಬಳೆ ದಪ್ಪವಾಗಿದ್ದರೆ ಅಲ್ಲಿ ಟೂಲು ಕೆಲಸಗಾರನ ಕಡೆಗೆ ವಾಲಿದೆ ಎಂದರ್ಥ. ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಸ್ವಲ್ಪ ಎತ್ತಬೇಕು. ಸಪೂರವಾಗಿದ್ದರೆ ಅದೇ ಕಾಲನ್ನು ಇಳಿಸಬೇಕು. ಬೆಡ್ಡಿನ ಸವೆತವನ್ನು ಕಾಲು ಎತ್ತಿ ಸರಿಪಡಿಸಲು ಹೋಗಬಾರದೆಂಬ ಎಚ್ಚರಿಕೆ ಇಲ್ಲಿ ಬೇಕು: ತಿರುಚು ಇಡೀ ಉದ್ದಕ್ಕೆ ಒಂದೇ ತೆರನಾಗಿ ಹೆಚ್ಚುತ್ತ ಹೋಗುತ್ತದೆ, ಸವೆತ ಒಂದು ಜಾಗದಲ್ಲಿ ಮಾತ್ರ ತೋರುತ್ತದೆ. ಟೈಲ್‌ಸ್ಟಾಕಿನ ಮೊನೆಯನ್ನು ಸ್ಪಿಂಡಲ್ಲಿನ ಸಾಲಿಗೆ ತರುವುದು ಇದಾದ ನಂತರದ ಕೆಲಸ.

ನನ್ನ ಮೊದಲ ಪರೀಕ್ಷೆಯಲ್ಲಿ ನೂರು ಮಿಲಿಮೀಟರ್ ಅಂತರದ ಎರಡು ಬಳೆಗಳಿಗೆ 0.11 ಮಿಲಿಮೀಟರ್ ವ್ಯತ್ಯಾಸ ಬಂದಿತ್ತು. ಮೂರು ಸಂಜೆ ಕಾಲುಗಳ ಸ್ಕ್ರೂ ತಿರುಗಿಸುತ್ತ ಕೂತು ಅದನ್ನು 0.02ಕ್ಕೆ ಇಳಿಸಿದೆ.

ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದೆಸಬಾರದು. ರಾತ್ರಿ ತಣಿದ ಭಾರದ ಕಬ್ಬಿಣ ಬೆಳಗ್ಗೆ ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ, ತೇವದ ಗಾಳಿ ಅದಕ್ಕೆ ತಾಗಿದಲ್ಲೇ ಇಬ್ಬನಿ ಕಟ್ಟುತ್ತದೆ, ಪ್ಲಾಸ್ಟಿಕ್ ಅದನ್ನು ಒಣಗಲು ಬಿಡುವುದಿಲ್ಲ. ಹಳೆಯ ಹತ್ತಿಯ ಹಾಸುಬಟ್ಟೆ ಹೊದೆಸಿ, ಬೆಡ್ಡಿನ ಅಡಿಯಲ್ಲಿ ಬಟ್ಟೆಗೆ ತಾಗದಂತೆ ಅರುವತ್ತು ವ್ಯಾಟಿನ ಹಳೆಯ ಕಾಲದ ಬಲ್ಬೊಂದನ್ನು ಉರಿಸಿಟ್ಟರೆ ಕಬ್ಬಿಣ ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ, ಇಬ್ಬನಿ ಕೂರುವುದಿಲ್ಲ. ಕಳೆದ ಆಟಿ ತಿಂಗಳ ಮಳೆಯಲ್ಲಿ ಹಾಗೆ ಮಾಡಿ ತುಕ್ಕಿನಿಂದ ಪಾರಾದೆ. ಆದರೆ ಕೊಟ್ಟಿಗೆಯ ನೆಲ ನೀರು ಕುಡಿದು ಒಂದು ಮೂಲೆಯಲ್ಲಿ ಸ್ವಲ್ಪ ಕೂತಿತು. ಮಳೆ ಬಿಟ್ಟ ವಾರ ಅದೇ ಎರಡು ಬಳೆಗಳ ಸರಳನ್ನು ಮತ್ತೆ ಹಿಡಿಸಿ ಓಡಿಸಿದಾಗ ವ್ಯತ್ಯಾಸ 0.02ರಿಂದ 0.06ಕ್ಕೆ ಏರಿತ್ತು. ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ ಸ್ಕ್ರೂವನ್ನು ಎಂಟನೇ ಒಂದು ಸುತ್ತು ತಿರುಗಿಸಿ, ತಾರೀಖಿನ ಜೊತೆ ಅದನ್ನೂ ಗೋಡೆಯ ನಕ್ಷೆಯ ಅಡಿಯಲ್ಲಿ ಬರೆದಿಟ್ಟೆ.